ಬಿಮಲಾಳನ್ನು ಊರಿಗೆ ಬಿಟ್ಟು ಬಂದದ್ದು

ಆಲಂಕಾರು

ಪುತ್ತೂರಿನ ನಮ್ಮ ಮನೆಯಲ್ಲಿ ವಿದೇಶ ನೋಡದೆ ಉಳಿದವಳು ನಾನೊಬ್ಬಳೇ. ಅಣ್ಣಂದಿರಿಬ್ಬರಿಗೂ ದಮಾಮಿನಲ್ಲಿ ಅಂಗಡಿ ಇದೆ, ಅವರ ಮಕ್ಕಳು ಹುಟ್ಟಿದ್ದೇ ಅಲ್ಲಿ. ಉಮ್ಮ ಉಮ್ರಾಕ್ಕೆ ಹೋಗಿ ಬಂದಿದ್ದಾರೆ. ಇಪ್ಪತ್ತು ವರ್ಷದಿಂದ ವಕೀಲಿ ಮಾಡುತ್ತಿರುವ ನನ್ನ ಪಾಸ್‌ಪೋರ್ಟಿನಲ್ಲಿ ಮಾತ್ರ ಒಂದು ಸೀಲೂ ಬಿದ್ದಿರಲಿಲ್ಲ. ಈಗಲೂ ಬಿದ್ದಿಲ್ಲ. ಕಳೆದ ಡಿಸೆಂಬರಿನಲ್ಲಿ ನಾನು ನೇಪಾಳಕ್ಕೆ ಹೋಗಿ ಬಂದೆ, ನಡೆದುಕೊಂಡು ಗಡಿ ದಾಟಿದೆ, ಯಾರೂ ಸೀಲು ಹಾಕಲಿಲ್ಲ. ನನ್ನ ಜೊತೆ ಹನ್ನೊಂದು ವರ್ಷದ ಒಬ್ಬ ಹುಡುಗಿ ಇದ್ದಳು. ಹೋಗುವಾಗ ಮಾತ್ರ ಇದ್ದಳು.

ಅವಳನ್ನು ಇಲ್ಲಿ ಬಿಮಲಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬರೆಯಲು ಕಾನೂನು ಬಿಡುವುದಿಲ್ಲ.

ಬಿಮಲಾಳ ಅಮ್ಮ ನೇಪಾಳದವಳು. ಕಡಬದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದು, ಆಲಂಕಾರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಬಿಮಲಾ ಹುಟ್ಟಿದ್ದೂ ಕಡಬದಲ್ಲೇ. ಅಪ್ಪ ಯಾವತ್ತೋ ಬೇರೆ ಕೆಲಸ ಹುಡುಕಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಮಗುವಿಗೆ ಐದು ವರ್ಷವಾಗಿದ್ದಾಗ ಅಮ್ಮನಿಗೆ ಕಾಮಾಲೆಯಾಯಿತು. ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಪಕ್ಕದ ಕೋಣೆಯಲ್ಲಿ ಬೀಡಿ ಕಟ್ಟಿಕೊಂಡು ಒಬ್ಬಳೇ ಇದ್ದ ಗುಲಾಬಿ ಆ ಸಂಜೆ ಮಗುವಿಗೆ ಗಂಜಿ ಬಡಿಸಿದಳು. ಮರುದಿನವೂ ಬಡಿಸಿದಳು. ಹಾಗೆಯೇ ಐದು ವರ್ಷ ಕಳೆಯಿತು. ಮಗು ತುಳುವಿನಲ್ಲಿ ಜಗಳವಾಡಲು ಕಲಿಯಿತು, ಕನ್ನಡದಲ್ಲಿ ಪದ್ಯ ಹೇಳಲು ಕಲಿಯಿತು, ನೇಪಾಳಿಯನ್ನು ಪೂರ್ತಿ ಮರೆಯಿತು.

ಬಿಮಲಾ ಆರನೇ ತರಗತಿಗೆ ಬಂದಾಗ ಆಧಾರ್ ಇಲ್ಲ ಎಂಬ ತೊಂದರೆ ಎದ್ದಿತು. ಗುಲಾಬಿ ಅವಳನ್ನು ಕರೆದುಕೊಂಡು ಪುತ್ತೂರಿನ ನನ್ನ ಕಚೇರಿಗೆ ಬಂದಳು. ಬೀಡಿ ಎಲೆಯ ಕರೆ ಹಿಡಿದ ಕೈಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು.

"ಇವಳು ನನ್ನ ಮಗಳು ಅಂತ ಒಂದು ಕಾಗದ ಮಾಡಿ ಕೊಡಿ ಮೇಡಂ. ಅಷ್ಟೇ ಸಾಕು" ಎಂದಳು.

ಅಷ್ಟು ಮಾಡಲು ನನ್ನಿಂದ ಆಗುತ್ತಿರಲಿಲ್ಲ. ಹೆತ್ತವರಿಲ್ಲದ ಮಗು ಕಣ್ಣಿಗೆ ಬಿದ್ದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ನಾನು ಹಾಗೆಯೇ ಮಾಡಿದೆ. ಸಮಿತಿ ಅವಳನ್ನು ಒಂದು ಬಾಲಕಿಯರ ಮನೆಯಲ್ಲಿ ಇರಿಸಿತು. ಗುಲಾಬಿಯನ್ನೇ ಪೋಷಕಿಯಾಗಿ ನೇಮಿಸಬೇಕೆಂದು ನಾನೇ ಅರ್ಜಿ ಹಾಕಿದೆ. ಆದರೆ ಅದಕ್ಕೆ ಮೊದಲು ರಕ್ತಸಂಬಂಧಿಗಳು ಇದ್ದಾರೆಯೇ ಎಂದು ಹುಡುಕಬೇಕಿತ್ತು. ಕೇಳಿದ ಕೂಡಲೇ ಗುಲಾಬಿ ಆ ಅಮ್ಮನ ತಗಡಿನ ಪೆಟ್ಟಿಗೆ ತಂದುಕೊಟ್ಟಳು. ಅದರಲ್ಲಿ ಅಮ್ಮನ ಪೌರತ್ವ ಪತ್ರದ ನಕಲು ಇತ್ತು, ಅದರಲ್ಲಿ ಊರಿನ ಹೆಸರಿತ್ತು. ಹತ್ತು ತಿಂಗಳ ಪತ್ರ ವ್ಯವಹಾರದ ನಂತರ ದೈಲೇಖ ಎಂಬ ಜಿಲ್ಲೆಯ ಬೆಟ್ಟದ ಮೇಲೆ ಒಬ್ಬಳು ಅಜ್ಜಿ ಸಿಕ್ಕಳು. 'ಮೊಮ್ಮಗಳನ್ನು ಕಳಿಸಿಕೊಡಿ' ಎಂದು ಅವಳು ಹೆಬ್ಬೆಟ್ಟು ಒತ್ತಿದ ಕಾಗದ ಬಂತು.

ಅಜ್ಜಿ ಸಿಗದೇ ಹೋಗಿದ್ದರೆ ಮಗು ಗುಲಾಬಿಗೆ ಸಿಗುತ್ತಿತ್ತು. ಇದನ್ನು ಅವಳಿಗೆ ಹೇಳಬೇಕಾದವಳೂ ನಾನೇ.

"ಅಲ್ಲಿ ಅವಳಿಗೆ ಯಾರ ಗುರ್ತ ಉಂಟು ಮೇಡಂ?" ಎಂದು ಗುಲಾಬಿ ಕೇಳಿದಳು.

"ಸ್ವಂತ ಅಜ್ಜಿ ಅಲ್ವಾ ಗುಲಾಬಿ?"

"ಹೌದು. ಅಜ್ಜಿ ಹೌದು" ಎಂದಳು. ಎದ್ದು ನಿಂತು, "ಆ ಪೆಟ್ಟಿಗೆ ನಾನೇ ತಂದು ಕೊಟ್ಟದ್ದಲ್ವಾ" ಎಂದಳು.

ಸಮಿತಿಯಲ್ಲಿ ಮಗುವಿನ ಇಷ್ಟವನ್ನೂ ಕೇಳಿದ್ದರು. "ಅಜ್ಜಿಯನ್ನು ನೋಡ್ಬೇಕು" ಎಂದಿದ್ದಳು ಬಿಮಲಾ. 'ಅಜ್ಜಿಯ ಬಳಿ ಹೋಗಲು ಇಚ್ಛಿಸುತ್ತಾಳೆ' ಎಂದು, ಅವಳನ್ನು ಊರಿಗೆ ಕಳಿಸಲು ಹಾಕಿದ ಅರ್ಜಿಯಲ್ಲಿ ನಾನು ಬರೆದೆ. ಆಗ ಅವೆರಡೂ ಒಂದೇ ಎಂದು ನನಗನ್ನಿಸಿತ್ತು.

ರೈಲಿನಲ್ಲಿ

ಸಮಿತಿಯ ಆದೇಶ ಹಿಡಿದು ಹೊರಟಾಗ ಜೊತೆಗೆ ಸುಳ್ಯದ ಶಶಿಕಲಾ ಬಂದಳು. ಅವಳು ಪೊಲೀಸ್ ಕಾನ್‌ಸ್ಟೇಬಲ್. ಮಕ್ಕಳೊಂದಿಗೆ ಹೋಗುವಾಗ ಸಮವಸ್ತ್ರ ಹಾಕಬಾರದೆಂಬ ನಿಯಮವಿರುವುದರಿಂದ ಹೂವಿನ ಚೂಡಿದಾರ ತೊಟ್ಟು, ಬ್ಯಾಗಿನ ತುಂಬ ಚಕ್ಕುಲಿ ತುಂಬಿಕೊಂಡು ಬಂದಿದ್ದಳು. ಬಿಮಲಾ ಅವಳನ್ನು ಶಶಿಯಕ್ಕ ಎಂದು ಕರೆದಳು. ನನ್ನನ್ನು ಕೊನೆಯವರೆಗೂ ಮೇಡಂ ಎಂದೇ ಕರೆದಳು.

ಮೊದಲೆರಡು ದಿನ ಅವಳು ಖುಷಿಯಾಗಿದ್ದಳು. ರೈಲು ಹತ್ತಿದ್ದು ಅದೇ ಮೊದಲ ಸಲ. ಸುರಂಗ ಬಂದಾಗಲೆಲ್ಲ ಕೂಗಿದಳು. ಶಶಿಕಲಾಳಿಂದ ಅವಳ ಮನೆಮಾತು ಅರೆಭಾಷೆಯ ನಾಲ್ಕು ಮಾತು ಕಲಿತು ಅವಳನ್ನೇ ಅಣಕಿಸಿದಳು. ಉತ್ತರಕ್ಕೆ ಹೋದಂತೆ ಚಳಿ ಏರಿತು, ಮಂಜು ಮುಸುಕಿ ರೈಲು ಹೊಲಗಳ ನಡುವೆ ಗಂಟೆಗಟ್ಟಲೆ ನಿಂತಿತು. ಎದುರು ಸೀಟಿನ ಹೆಂಗಸೊಬ್ಬಳು ಬಿಮಲಾಳ ಮುಖ ನೋಡಿ ಹಿಂದಿಯಲ್ಲಿ "ನೇಪಾಳದವಳಾ?" ಎಂದು ಕೇಳಿದಳು.

"ಅಲ್ಲ, ಆಲಂಕಾರು" ಎಂದಳು ಬಿಮಲಾ.

ಆ ಹೆಂಗಸು ಅದು ನೇಪಾಳದ ಯಾವ ಭಾಗದಲ್ಲಿದೆ ಎಂದು ನನ್ನನ್ನು ಕೇಳಿದಳು. ಶಶಿಕಲಾ ನಕ್ಕು ನಕ್ಕು ಸುಸ್ತಾದಳು. ನಾನೂ ನಕ್ಕೆ. ಬಿಮಲಾ ಮಾತ್ರ ನಗದೆ, ತನ್ನ ಉತ್ತರದಲ್ಲಿ ತಪ್ಪೇನಿತ್ತು ಎನ್ನುವಂತೆ ನಮ್ಮಿಬ್ಬರ ಮುಖ ನೋಡಿದಳು.

ರೂಪೈಡೀಹಾ

ಲಕ್ನೋದಿಂದ ಬಸ್ಸಿನಲ್ಲಿ ರೂಪೈಡೀಹಾಕ್ಕೆ ಬಂದು ಇಳಿದೆವು. ಗಡಿ ಎಂದರೆ ಮುಳ್ಳುತಂತಿ, ಬಂದೂಕು ಎಂದೆಲ್ಲ ನನ್ನ ಮನಸ್ಸಿನಲ್ಲಿತ್ತು. ಇಲ್ಲಿದ್ದದ್ದು ಒಂದು ಕಮಾನು, ಒಂದು ಸಾಲು ರಿಕ್ಷಾ, ಕುದುರೆಗಾಡಿಗಳು, ಎರಡೂ ಕಡೆಗೆ ಮೂಟೆ ಹೊತ್ತು ನಡೆಯುವ ಜನ. ಪುತ್ತೂರಿನ ಸೋಮವಾರದ ಸಂತೆಗೆ ಇದಕ್ಕಿಂತ ಹೆಚ್ಚು ಬಿಗಿ ಇರುತ್ತದೆ.

ಆದರೆ ನಮ್ಮನ್ನು ತಡೆದರು. ಗಡಿಯಾಚೆ ಸಣ್ಣದೊಂದು ಗೂಡಿನಲ್ಲಿ ಕೆಲವು ಹೆಂಗಸರು ಕೂತಿರುತ್ತಾರೆ. ಹುಡುಗಿಯರನ್ನು ಯಾರಾದರೂ ಮೋಸದಿಂದ ಸಾಗಿಸುತ್ತಿದ್ದಾರೆಯೇ ಎಂದು ಕಣ್ಣಿಡುವುದೇ ಅವರ ಕೆಲಸ. ಅವರಲ್ಲೊಬ್ಬಳು ಎದ್ದು ಬಂದು ಬಿಮಲಾಳನ್ನು ನೇಪಾಳಿಯಲ್ಲಿ ಏನೋ ಕೇಳಿದಳು. ಬಿಮಲಾ ನನ್ನ ಹಿಂದೆ ಸರಿದಳು. ಮುಖ ನೋಡಿದರೆ ನೇಪಾಳದ ಮಗು, ಭಾಷೆ ಒಂದಕ್ಷರ ಬಾರದು, ಜೊತೆಗೆ ದಕ್ಷಿಣದ ಇಬ್ಬರು ಹೆಂಗಸರು. ಅವಳ ಜಾಗದಲ್ಲಿದ್ದರೆ ನಾನೂ ತಡೆಯುತ್ತಿದ್ದೆ.

ಒಳಗೆ ಕೂರಿಸಿ, ಬಿಸಿ ಚಹಾ ಕೊಟ್ಟು, ನಮ್ಮ ಕಾಗದಗಳನ್ನೆಲ್ಲ ಓದಿದರು. ಆದೇಶದ ಪ್ರತಿ, ರಾಯಭಾರ ಕಚೇರಿಯ ಪತ್ರ, ಅಜ್ಜಿಯ ಹೆಬ್ಬೆಟ್ಟು ಎಲ್ಲವೂ ಸರಿಯಾಗಿಯೇ ಇತ್ತು. ಕೊನೆಗೆ ಆ ಹೆಂಗಸು ಹಿಂದಿಯಲ್ಲಿ ನನಗೆ ಹೇಳಿದಳು: "ಒಂದೇ ಒಂದು ಪ್ರಶ್ನೆ. ಅಜ್ಜಿಯ ಜೊತೆ ಇರಲು ಇಷ್ಟಪಟ್ಟು ಹೋಗುತ್ತಿದ್ದಾಳೆಯೇ? ಅವಳ ಭಾಷೆಯಲ್ಲಿ ಕೇಳಿ, ಅವಳು ಹೇಳಿದ್ದನ್ನು ನನಗೆ ಹೇಳಿ."

ನಾನು ಬಿಮಲಾಳ ಕಡೆ ತಿರುಗಿದೆ. "ಅಜ್ಜಿಯ ಹತ್ತಿರ ಹೋಗ್ಲಿಕ್ಕೆ ನಿನಗೆ ಇಷ್ಟ ಉಂಟಾ?"

"ಹ್ಞಾಂ, ಉಂಟು" ಎಂದಳು. "ಅಜ್ಜಿಯನ್ನು ನೋಡಿ, ಎರಡು ದಿನ ಕೂತು, ಮತ್ತೆ ಗುಲಾಬಕ್ಕನಲ್ಲಿಗೆ ಹೋಗುದು."

ಶಶಿಕಲಾ ನನ್ನ ಮುಖ ನೋಡಿದಳು. ಮೂರು ದಿನದ ದಾರಿ ಹಿಂದಕ್ಕೆ, ಹತ್ತು ತಿಂಗಳ ಪತ್ರಗಳು, ಬೆಟ್ಟದ ಮೇಲೆ ಕಾಯುತ್ತಿರುವ ಮುದುಕಿ, ಎಲ್ಲ ಒಟ್ಟಿಗೆ ನನ್ನ ತಲೆಯಲ್ಲಿ ಹಾದುಹೋದವು. ನಾನು ಆ ಹೆಂಗಸಿಗೆ, "ಅಜ್ಜಿಯನ್ನು ನೋಡಲು ಇಷ್ಟಪಟ್ಟೇ ಹೋಗುತ್ತಿದ್ದೇನೆ ಅಂತಾಳೆ" ಎಂದೆ.

ಅವಳು ಬಿಮಲಾಳ ತಲೆ ಸವರಿ, ದಾಖಲೆ ಪುಸ್ತಕದಲ್ಲಿ ನನ್ನ ಸಹಿ ತೆಗೆದುಕೊಂಡು ಬಿಟ್ಟುಕೊಟ್ಟಳು. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳಿಗೆ ಪೂರ್ತಿ ಸತ್ಯ ಹೇಳಿ ಎಂದು ಹೇಳಿಕೊಂಡು ಬಂದವಳು ನಾನು.

ನೇಪಾಳಗಂಜ್, ಶನಿವಾರ

ನೇಪಾಳದಲ್ಲಿ ವಾರದ ರಜೆ ಶನಿವಾರ. ನಾವು ತಲುಪಿದ್ದು ಶುಕ್ರವಾರ ಸಂಜೆ. ಹಾಗಾಗಿ ಒಂದು ದಿನ ಸುಮ್ಮನೆ ಕಾಯಬೇಕಾಯಿತು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಇರುವುದೂ ನನಗೆ ತಿಳಿದಿರಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಐದು ನಿಮಿಷ ಮೊದಲೇ ಬಂದೆ ಎಂದುಕೊಂಡು ನಿಂತಿದ್ದೆ, ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು.

ನಮ್ಮನ್ನು ಬೆಟ್ಟಕ್ಕೆ ಕರೆದೊಯ್ಯಲು ದೇವಕಿ ಎಂಬ ಸಮಾಜಸೇವಕಿ ಬಂದಿದ್ದಳು. ಅಜ್ಜಿಯನ್ನು ಹುಡುಕಿದವಳು ಅವಳೇ. ಚಿಕ್ಕ ಆಳು, ಚುರುಕು ನಡಿಗೆ, ನನಗಿಂತ ಒಳ್ಳೆಯ ಹಿಂದಿ. ಬಸ್ಸು ತಪ್ಪಿದ್ದಕ್ಕೆ ಅವಳು ಸ್ವಲ್ಪವೂ ಬೇಸರಪಡದೆ, ಮುಂದಿನ ಬಸ್ಸಿನವರೆಗೆ ತಿನ್ನಲು ಕಿತ್ತಳೆ ಹಣ್ಣು ತರಲು ಹೋದಳು. ಶಶಿಕಲಾ ಅವಳ ಜೊತೆ ಹೋದಳು. ಬಸ್ ನಿಲ್ದಾಣದ ಬೆಂಚಿನಲ್ಲಿ ನಾನೂ ಬಿಮಲಾಳೂ ಉಳಿದೆವು.

"ಮೇಡಂ, ನಂಗೆ ಹಿಂದಿ ಸ್ವಲ್ಪ ಗೊತ್ತಾಗ್ತದೆ" ಎಂದಳು ಬಿಮಲಾ. "ಆ ಬಾಲಕಿಯರ ಮನೆಯ ಟಿವಿಯಲ್ಲಿ ಕಾರ್ಟೂನೆಲ್ಲ ಹಿಂದಿಯಲ್ಲೇ ಬರುದು."

ನಾನು ಬ್ಯಾಗಿನ ಜಿಪ್ ಎಳೆದು ಮುಚ್ಚಿದೆ.

"ನೀವು ಗಡಿಯಲ್ಲಿ ಅವರಿಗೆ ಅರ್ಧವೇ ಹೇಳಿದ್ದಲ್ವಾ?"

"ಹೌದು" ಎಂದೆ.

"ಎಂತಕ್ಕೆ?"

ಸಾಕ್ಷಿ ಕಟಕಟೆಯಲ್ಲಿ ಎಷ್ಟೋ ಜನ ನನ್ನ ಪ್ರಶ್ನೆಗೆ ತಲೆ ತಗ್ಗಿಸಿದ್ದನ್ನು ನೋಡಿದ್ದೇನೆ. ಅವರಿಗೆ ಹೇಗಾಗುತ್ತಿತ್ತು ಎಂದು ಆಗ ತಿಳಿಯಿತು. "ಪೂರ್ತಿ ಹೇಳಿದ್ರೆ ನಮ್ಮನ್ನು ಮುಂದೆ ಬಿಡ್ತಿರ್ಲಿಲ್ಲ. ನೀನು ಅಜ್ಜಿಯ ಹತ್ತಿರವೇ ಇರಬೇಕು ಅಂತ ಆರ್ಡರ್ ಆಗಿದೆ, ಬಿಮಲಾ. ಅದನ್ನು ನಿನಗೆ ಅರ್ಥ ಆಗುವ ಹಾಗೆ ನಾನು ಹೇಳ್ಲಿಲ್ಲ."

"ಎಷ್ಟು ದಿನ ಇರುದು?"

"ದೊಡ್ಡವಳಾಗುವ ತನಕ."

ಅವಳು ಅಳಲಿಲ್ಲ. ಬೆಂಚಿನಿಂದ ಇಳಿದು ಹೋಗಿ ಕಂಬವೊಂದಕ್ಕೆ ಆತು ನಿಂತಳು. ಅಂಗಿಯ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು, ನನಗೆ ಬೆನ್ನು ಹಾಕಿ, ನಿಲ್ದಾಣಕ್ಕೆ ಬರುವ ಬಸ್ಸುಗಳನ್ನು ನೋಡಿದಳು. ಬಸ್ಸುಗಳ ಹಣೆಯ ಮೇಲೆ ಬರೆದಿದ್ದ ಒಂದು ಊರಿನ ಹೆಸರೂ ಅವಳು ಕೇಳಿದ್ದಾಗಿರಲಿಲ್ಲ.

ಶಶಿಕಲಾ ಹಣ್ಣು ತಂದು ಕೊಟ್ಟಾಗ ತೆಗೆದುಕೊಂಡಳು. ನನ್ನ ಪಕ್ಕ ಮತ್ತೆ ಕೂರಲಿಲ್ಲ.

ದೈಲೇಖದ ದಾರಿ

ಸುರ್ಖೇತ್ ದಾಟಿದ ಮೇಲೆ ದಾರಿ ಏರಲು ಶುರುವಾಯಿತು. ಸಂಪಾಜೆ ಘಾಟಿಯಲ್ಲಿ ಓಡಾಡಿದವರಿಗೆ ತಿರುವುಗಳು ಹೊಸತಲ್ಲ. ಆದರೆ ಸಂಪಾಜೆಯಲ್ಲಿ ಬಸ್ಸು ಉರುಳಿದರೆ ಹಿಡಿಯಲು ಮರಗಳಾದರೂ ಇವೆ. ಇಲ್ಲಿ ಕಿಟಕಿಯಾಚೆ ಬರೀ ಗಾಳಿ, ತುಂಬ ಕೆಳಗೆ ದಾರದಂಥ ಹೊಳೆ. ಬೆಟ್ಟದ ಮೈಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗದ್ದೆಗಳು. ಬಿಮಲಾ ಮೂರು ಸಲ ವಾಂತಿ ಮಾಡಿದಳು. ಶಶಿಕಲಾ ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆನ್ನು ನೀವಿದಳು.

ದಾರಿಯಲ್ಲಿ ನಾನು ದೇವಕಿಗೆ ಗಡಿಯಲ್ಲಿ ನಡೆದದ್ದನ್ನು ಹೇಳಿದೆ. ಗುಲಾಬಿಯ ವಿಷಯವನ್ನೂ ಹೇಳಿದೆ. ದೇವಕಿ ಚೀಲದಿಂದ ನಮ್ಮ ಕಡತ ತೆಗೆದು ನೋಡಿದಳು.

"ನಿಮ್ಮಿಂದ ಬಂದ ಕಾಗದದಲ್ಲಿ ಮಗುವಿಗೆ ಅಲ್ಲಿ ಯಾರೂ ಇಲ್ಲ ಎಂದಿತ್ತು" ಎಂದಳು.

"ಕಾನೂನಿನ ಪ್ರಕಾರ ಯಾರೂ ಇರಲಿಲ್ಲ."

"ಅಜ್ಜಿಗೆ ನಾನು ಹಾಗೆಯೇ ಓದಿ ಹೇಳಿದ್ದೇನೆ" ಎಂದಳು ದೇವಕಿ. "ಇವತ್ತು ಅವಳಿಗೆ ಎಲ್ಲವನ್ನೂ ಹೇಳೋಣ. ಮಗುವಿನ ಮುಂದೆಯೇ."

ಅಜ್ಜಿಯ ಮನೆ

ಬಸ್ಸಿಳಿದು ಒಂದು ಗಂಟೆ ನಡೆದೆವು. ಮನೆಗೆ ಕಲ್ಲು ಮಣ್ಣಿನ ಗೋಡೆ, ಕೆಳಗೆ ಕೆಂಪು ಮಣ್ಣು, ಮೇಲೆ ಬಿಳಿ ಸಾರಿಸಿದ್ದರು. ಮಾಡಿನ ಕೆಳಗೆ ಮೆಕ್ಕೆಜೋಳದ ತೆನೆಗಳನ್ನು ಜಡೆ ಹೆಣೆದಂತೆ ಕಟ್ಟಿ ತೂಗುಹಾಕಿದ್ದರು. ಅಜ್ಜಿ ಅಂಗಳದಲ್ಲಿ ನಿಂತಿದ್ದಳು. ನಾನು ಮುದುಕಿ ಎಂದುಕೊಂಡಿದ್ದೆ. ಅರುವತ್ತು ಕೂಡ ಆಗಿರಲಿಕ್ಕಿಲ್ಲ, ಒಳ್ಳೆಯ ಗಟ್ಟಿ ಹೆಂಗಸು. ಬಿಮಲಾಳನ್ನು ಕಂಡದ್ದೇ ಓಡಿ ಬಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಸತ್ತುಹೋದ ಮಗಳ ಹೆಸರು ಹಿಡಿದು ಕೂಗಿ ಅತ್ತಳು. ಬಿಮಲಾ ಹಿಡಿತ ಬಿಡಿಸಿಕೊಳ್ಳಲೂ ಇಲ್ಲ, ತಬ್ಬಿಕೊಳ್ಳಲೂ ಇಲ್ಲ. ತಗ್ಗಿದ ದನಿಯಲ್ಲಿ ಶಶಿಕಲಾಳನ್ನು ಕೇಳಿದಳು, "ಶಶಿಯಕ್ಕ, ಇವರು ಎಂತ ಹೇಳುದು?"

ಊಟಕ್ಕೆ ಅಲ್ಲಿ ಕೋದೋ ಎನ್ನುವ ರಾಗಿ ಹಿಟ್ಟಿನ ಮುದ್ದೆ, ಒಣಗಿಸಿದ ಸೊಪ್ಪಿನ ಸಾರು ಬಡಿಸಿದಳು. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಹುಡುಗಿ ಆ ಕಪ್ಪು ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಅಜ್ಜಿ ಎದ್ದು ಹೋಗಿ, ನೆಂಟರಿಗೆಂದು ಇಟ್ಟಿದ್ದ ಅಕ್ಕಿ ತೆಗೆದು, ಅವಳೊಬ್ಬಳಿಗಾಗಿ ಅನ್ನ ಮಾಡಿದಳು. ಆ ಬೆಟ್ಟದಲ್ಲಿ ಅನ್ನವೆಂದರೆ ಹಬ್ಬ ಎಂದು ದೇವಕಿ ಆಮೇಲೆ ಹೇಳಿದಳು.

ಊಟವಾದ ಮೇಲೆ ಅಂಗಳದ ಇಳಿಬಿಸಿಲಿನಲ್ಲಿ ಚಾಪೆ ಹಾಕಿ ಎಲ್ಲರೂ ಕೂತೆವು. ನಾನು ಹಿಂದಿಯಲ್ಲಿ ಹೇಳಿದೆ, ದೇವಕಿ ನೇಪಾಳಿಗೆ ತಿರುಗಿಸಿದಳು, ಮತ್ತೆ ಅದನ್ನೇ ನಾನು ಬಿಮಲಾಳಿಗೆ ಕನ್ನಡದಲ್ಲಿ ಹೇಳಿದೆ. ಗುಲಾಬಿ ಐದು ವರ್ಷ ಸಾಕಿದ್ದು, ಕಾಗದಕ್ಕಾಗಿ ನನ್ನ ಬಳಿ ಬಂದದ್ದು, ನೋಡಿ ಬರುತ್ತೇನೆ ಎಂದು ಮಗು ಹೊರಟದ್ದು, ನಾನು ಅರ್ಧ ಮಾತು ನುಂಗಿದ್ದು. ಒಂದನ್ನೂ ಬಿಡಲಿಲ್ಲ.

ಅಜ್ಜಿ ನೆಲ ನೋಡುತ್ತ ಕೇಳಿದಳು. ಕೊನೆಗೆ ಹೇಳಿದ ಮಾತನ್ನು ದೇವಕಿ ತಡವರಿಸಿಕೊಂಡು ಹಿಂದಿಗೆ ತಂದಳು: "ಇವಳ ಅಮ್ಮನೂ ಹಾಗೆಯೇ ಹೇಳಿ ಹೋದದ್ದು. ಆ ದೇಶ ಹೇಗಿದೆ ನೋಡಿ ಬರುತ್ತೇನೆ ಅಂತ."

ಬಿಮಲಾ ಆ ಮಾತು ಕೇಳಿ ಮೊದಲ ಬಾರಿಗೆ ಅಜ್ಜಿಯ ಮುಖವನ್ನು ನೆಟ್ಟಗೆ ನೋಡಿದಳು.

ಆಮೇಲೆ ನಾನು ಅವಳಿಗೆ ಮೊದಲೇ ಹೇಳಬೇಕಾಗಿದ್ದದ್ದನ್ನು ಹೇಳಿದೆ. ನಮ್ಮೂರಿನಲ್ಲಿ ಅವಳಿಗೆ ಯಾವ ಕಾಗದವೂ ಇಲ್ಲ. ದೊಡ್ಡವಳಾದ ಮೇಲೆ ಯಾವ ದೇಶದವಳು ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಇಲ್ಲಿ ಅಮ್ಮನ ಪೌರತ್ವದ ಪತ್ರ ಇದೆ, ಅಜ್ಜಿ ಇದ್ದಾಳೆ. ಹುಟ್ಟಿದ್ದು ದಾಖಲಾದರೆ ಹದಿನಾರಕ್ಕೆ ಅವಳೂ ಪೌರತ್ವಕ್ಕೆ ಅರ್ಜಿ ಹಾಕಬಹುದು.

"ಆ ಕಾಗದ ಆದ್ರೆ ಆಲಂಕಾರಿಗೆ ಬರ್ಲಿಕ್ಕೆ ಆಗ್ತದಾ?" ಎಂದು ಕೇಳಿದಳು.

"ಆಗ್ತದೆ. ಯಾರೂ ತಡೆಯುದಿಲ್ಲ."

"ಗುಲಾಬಕ್ಕ ಅಷ್ಟರವರೆಗೆ ಇರ್ತಾರಾ?"

ಗುಲಾಬಿಗೆ ಐವತ್ತು ದಾಟಿದೆ, ಎಲೆ ಹೊಗೆಸೊಪ್ಪಿನ ಧೂಳಿಗೆ ಕೆಮ್ಮು ಹಿಡಿದು ವರ್ಷಗಳಾಗಿವೆ. "ನನಗೆ ಗೊತ್ತಿಲ್ಲ" ಎಂದೆ. ಆ ದಿನ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ನೀವು ಅಲ್ಲೇ ಹೇಳ್ಬೇಕಿತ್ತು ಮೇಡಂ" ಎಂದಳು. "ನಾನು ಅವರಿಗೆ ಸರಿ ಟಾಟಾ ಕೂಡ ಮಾಡ್ಲಿಲ್ಲ. ಶಾಲೆಗೆ ಹೋಗುವಾಗ ಮಾಡುವ ಹಾಗೆ ಮಾಡಿ ಬಂದದ್ದು."

ಶಶಿಕಲಾ ಎದ್ದು ಮನೆಯ ಹಿಂದಕ್ಕೆ ಹೋದಳು. ಅವಳು ಅಳುವುದು ನಮಗೆಲ್ಲ ಕೇಳಿಸಿತು.

ವಾರ್ಡ್ ಕಚೇರಿ

ಮರುದಿನ ವಾರ್ಡ್ ಕಚೇರಿಗೆ ಹೋದೆವು. ನಮ್ಮ ಪಂಚಾಯತ್ ಕಚೇರಿಯಂತೆಯೇ ಹಸಿರು ಬಣ್ಣ ಬಳಿದ ಬೀರು, ಅದರ ಮೇಲೆ ಕಟ್ಟು ಕಟ್ಟು ಕಡತ. ಅಲ್ಲಿನ ಕಾರ್ಯದರ್ಶಿ ತಲೆಗೆ ಬಣ್ಣದ ಟೋಪಿ ಹಾಕಿದ್ದ ಯುವಕ. ಅಮ್ಮನ ಪತ್ರ ನೋಡಿದ, ಅಜ್ಜಿಯ ಹೆಬ್ಬೆಟ್ಟು ತೆಗೆದುಕೊಂಡ, ನಮ್ಮ ಸಮಿತಿಯ ಆದೇಶವನ್ನು ಎರಡು ಸಲ ಓದಿದ. ಅವರ ಪಂಚಾಂಗ ನಮ್ಮ ಇಂಗ್ಲಿಷ್ ಕ್ಯಾಲೆಂಡರಿಗಿಂತ ಐವತ್ತಾರು ವರ್ಷ ಚಿಲ್ಲರೆ ಮುಂದಿದೆ. ಬಿಮಲಾಳ ಹುಟ್ಟಿದ ದಿನವನ್ನು ಲೆಕ್ಕ ಹಾಕಿ ಅವರ ತಿಂಗಳಿಗೆ ತಿರುಗಿಸಿದ. ಹುಟ್ಟಿದ ಸ್ಥಳ ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿ ನಮ್ಮನ್ನು ನೋಡಿದ.

ನಾನು ಬಾಯಿ ತೆರೆಯುವ ಮೊದಲೇ ಬಿಮಲಾ ಹಿಂದಿಯಲ್ಲಿ ಹೇಳಿದಳು: "ಕಡಬ. ಕರ್ನಾಟಕ." ಅವನು ಬರೆದದ್ದನ್ನು ಬಗ್ಗಿ ನೋಡಿದಳು. ಹಿಂದಿ ಅಕ್ಷರವೇ ಆದ್ದರಿಂದ ಓದಲು ಬಂತು. "ಕಡವಾ ಅಲ್ಲ, ಕಡಬ" ಎಂದು ತಿದ್ದಿಸಿದಳು.

ಮಧ್ಯಾಹ್ನದ ಬಸ್ಸಿಗೆ ನಾವು ಹೊರಡಬೇಕಿತ್ತು. ಅಜ್ಜಿ ನಮ್ಮಿಬ್ಬರ ಹಣೆಗೂ ಅಕ್ಕಿ ಕಲಸಿದ ಕೆಂಪು ತಿಲಕ ಹಚ್ಚಲು ಬಂದಳು. ನನ್ನ ತಲೆಯ ಮೇಲಿನ ಶಾಲು ನೋಡಿ ಒಂದು ಕ್ಷಣ ಅನುಮಾನಿಸಿ ಕೈ ಹಿಂದಕ್ಕೆ ತೆಗೆದಳು. ನಾನೇ ತಲೆ ಬಗ್ಗಿಸಿದೆ. ಬಿಮಲಾ ಶಶಿಕಲಾಳನ್ನು ಬಿಗಿಯಾಗಿ ತಬ್ಬಿಕೊಂಡಳು. ನನ್ನೆದುರು ಬಂದು ನಿಂತು ಕೈ ಮುಗಿದಳು, ದೊಡ್ಡವರು ಕಚೇರಿಯಿಂದ ಹೊರಡುವಾಗ ಮುಗಿಯುವ ಹಾಗೆ. ಬಸ್ಸಿನಲ್ಲಿ ಕೂತ ಮೇಲೆ ಶಶಿಕಲಾ, "ನಾವು ಮಾಡಿದ್ದು ಸರಿಯಾ ಮೇಡಂ?" ಎಂದಳು.

ಮತ್ತೆ ಆಲಂಕಾರು

ಊರಿಗೆ ಬಂದ ಮೂರನೇ ದಿನ ಗುಲಾಬಿಯ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಅಲ್ಲಿ ಚಳಿ ತುಂಬ ಉಂಟಾ?", "ಶಾಲೆ ಹತ್ತಿರವಾ?", "ಅಜ್ಜಿ ಜೋರಾ?" ಎಂದು ಒಂದೊಂದೇ ಕೇಳಿದಳು.

"ಹೊರಡುವಾಗ ಅವಳು ಕೂಗಿದ್ಲಾ?"

"ಇಲ್ಲ ಗುಲಾಬಿ, ಅಳ್ಲಿಲ್ಲ."

"ಹಾಗಾದ್ರೆ ನೀವು ಹೋದ ಮೇಲೆ ಕೂಗಿರ್ತಾಳೆ" ಎಂದಳು. "ಅವಳು ಯಾರ ಮುಂದೆಯೂ ಕೂಗುದಿಲ್ಲ."

ದೇವಕಿ ಅಜ್ಜಿಯ ನೆರೆಮನೆಯವರ ಫೋನ್ ನಂಬರು ಕೊಟ್ಟಿದ್ದಳು. ಬೆಟ್ಟದಲ್ಲಿ ಸಿಗ್ನಲ್ ಸಿಕ್ಕ ದಿನ ಗುಲಾಬಿಗೆ ಕರೆ ಬರುತ್ತದೆ. ಮೊದಮೊದಲು ಇಬ್ಬರೂ ಅರ್ಧ ಗಂಟೆ ತುಳುವಿನಲ್ಲಿ ಮಾತಾಡುತ್ತಿದ್ದರಂತೆ. ನಾನು ಆ ಕಡೆ ಹೋದಾಗಲೆಲ್ಲ ಗುಲಾಬಿ ಸುದ್ದಿ ಹೇಳುತ್ತಾಳೆ: ಶಾಲೆಗೆ ಸೇರಿದಳು, ಕೋದೋ ಮುದ್ದೆ ತಿನ್ನಲು ಕಲಿತಳು, ಅಜ್ಜಿಯ ಜೊತೆ ಹುಲ್ಲು ಕೊಯ್ಯಲು ಹೋಗುತ್ತಾಳೆ.

ಕಳೆದ ವಾರ ಹೋದಾಗ ಗುಲಾಬಿ ಕೆಲಸ ಬಿಟ್ಟು ಸುಮ್ಮನೆ ಕೂತಿದ್ದಳು. ಬೆಳಿಗ್ಗೆಯಷ್ಟೇ ಕರೆ ಬಂದಿತ್ತು.

"ಮೇಡಂ, 'ಹುನ್ಛ' ಅಂದ್ರೆ ಎಂತ?" ಎಂದು ಕೇಳಿದಳು. "ಜಾಗ್ರತೆ ಮಗಾ, ಚಳಿಗೆ ತಲೆಗೆ ಕಟ್ಟಿಕೊ ಅಂದೆ. ಅವಳು 'ಹುನ್ಛ' ಅಂದ್ಲು. ತುಳು ಬಿಟ್ಟು ಹಾಗೆ ಅಂದದ್ದು ಅವಳಿಗೇ ಗೊತ್ತಾಗ್ಲಿಲ್ಲ ಅಂತ ಕಾಣ್ತದೆ. ನಾನೂ ಕೇಳ್ಲಿಲ್ಲ."

"ನೇಪಾಳಿಯಲ್ಲಿ ಆಯ್ತು ಅಂತ" ಎಂದೆ. ದೇವಕಿ ಮಾತುಮಾತಿಗೆ ಹಾಗೆನ್ನುವುದನ್ನು ಕೇಳಿದ್ದೆ.

ಗುಲಾಬಿ ನನ್ನನ್ನೇ ನೋಡಿದಳು.

"ಆಯ್ತು ಅಂತವಾ?" ಎಂದಳು. ಮೊರವನ್ನು ಮಡಿಲಿಗೆ ಎಳೆದುಕೊಂಡು ಎಲೆ ಕತ್ತರಿಸತೊಡಗಿದಳು.